ಹಿಂದಲೆಗೆ ನಾಲ್ಕು ತೊಟ್ಟು

ನಿಮ್ಮ ಹಿಂದಲೆಯನ್ನು ನೀವು ಯಾವತ್ತಾದರೂ ನೋಡಿದ್ದೀರಾ? ಇಲ್ಲ ಅಂತ ನನಗೆ ಗೊತ್ತು. ಹುಟ್ಟಿದಾಗಿನಿಂದ ಜೊತೆಯಲ್ಲೇ ಇದೆ, ದಿಂಬಿನ ಮೇಲೆ ಹೊರಳುತ್ತದೆ, ಬಸ್ಸಿನ ಸೀಟಿಗೆ ಒರಗುತ್ತದೆ, ಹೂವು ಮುಡಿದರೆ ಅದೇ ಹೊರುತ್ತದೆ. ಆದರೆ ಅದು ಹೇಗಿದೆ ಅಂತ ಹೇಳಲು ಇನ್ನೊಬ್ಬರೇ ಬೇಕು. ಐವತ್ತು ವರ್ಷ ದಾಟುವ ತನಕ ನಾನು ಇದನ್ನೊಂದು ಕೊರತೆ ಅಂತ ಎಣಿಸಿಯೇ ಇರಲಿಲ್ಲ.

ಈಗ ಯಾಕೆ ಈ ಮಾತು ಬಂತೆಂದರೆ, ಇವತ್ತು ಬೆಳಿಗ್ಗೆ ಕಿಟಕಿ ಒರೆಸುವಾಗ ಆ ಬಾಟಲಿ ಕೈಗೆ ಸಿಕ್ಕಿತು. ಬಿಳಿ ಪ್ಲಾಸ್ಟಿಕ್ಕಿನದು, ಹೆಬ್ಬೆರಳಿಗಿಂತ ಸ್ವಲ್ಪ ಉದ್ದ, ತುದಿಗೊಂದು ಚೂಪು ಮೂತಿ. ತಲೆಗೆ ಹಚ್ಚುವ ಸ್ಟೀರಾಯ್ಡ್ ಲೋಷನ್ ಇದ್ದ ಬಾಟಲಿ. ಖಾಲಿಯಾಗಿ ಎಷ್ಟೋ ದಿನವಾಯಿತು. ಖಾಲಿ ಡಬ್ಬ, ಬಾಟಲಿ ಕೂಡಿಡುವ ಹೆಂಗಸು ನಾನಲ್ಲ, ಇಡಲು ಜಾಗವೂ ಇಲ್ಲ. ಆದರೂ ಇದನ್ನು ಮೂರು ಸಲ ಕಸದ ಬುಟ್ಟಿಯ ತನಕ ಒಯ್ದು, ಮೂರು ಸಲವೂ ವಾಪಸು ತಂದಿಟ್ಟಿದ್ದೇನೆ. ಯಾಕೆ ಅಂತ ಹೇಳುತ್ತೇನೆ. ನೇರವಾಗಿ ಹೇಳಲು ನನಗೆ ಬರುವುದಿಲ್ಲ, ಊರೆಲ್ಲ ಸುತ್ತಿಕೊಂಡು ಬರುತ್ತೇನೆ. ನಿಮಗೇನು ಅವಸರವಿಲ್ಲ ತಾನೇ?

ನಾನು ಮುಳಬಾಗಿಲಿನಲ್ಲಿ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳುತ್ತಿದ್ದವರೆಲ್ಲ ಕೇಳಿ ಕೇಳಿ ಸುಸ್ತಾಗಿ ಬಿಟ್ಟಿದ್ದಾರೆ. ಮುನಿಯಮ್ಮ ಅನ್ನುವವರ ಮನೆಯ ಹಿಂದಿನ ಎರಡು ಕೋಣೆಯಲ್ಲಿ ಬಾಡಿಗೆಗಿದ್ದೇನೆ. ನನ್ನವರು ಅಂತ ಇರುವುದು ಒಬ್ಬಳೇ ಅಕ್ಕ, ಯಶೋದ. ಅವಳನ್ನು ಮಾಲೂರಿನ ಆಚೆ ಮಾಸ್ತಿಗೆ ಕೊಟ್ಟಿದ್ದು. ಅಲ್ಲಿ ಅವಳಿಗೆ ರಾಗಿ ಹೊಲ, ನಾಲ್ಕು ಹಸು, ಮಾತು ಕಡಿಮೆಯ ಗಂಡ, ಒಬ್ಬಳೇ ಮಗಳು ಪವಿತ್ರ. ಇಲ್ಲಿಂದ ಅಲ್ಲಿಗೆ ಮೂರು ಬಸ್ಸು ಹತ್ತಿ ಇಳಿಯಬೇಕು. ಭಾನುವಾರ ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಅಕ್ಕನ ಮನೆ.

ನಮ್ಮ ತವರು ತಾಯಲೂರಿನ ಹತ್ತಿರದ ಒಂದು ಹಳ್ಳಿ. ಅಲ್ಲಿ ಭಾನುವಾರ ಮಧ್ಯಾಹ್ನವೆಂದರೆ ತಲೆ ನೋಡುವ ಹೊತ್ತು. ತಲೆಗೆ ನೀರು ಹಾಕಿಕೊಂಡು, ಊಟ ಮುಗಿಸಿ, ಬಾಗಿಲ ಮುಂದಿನ ತಿಣ್ಣೆಯ ಮೇಲೆ ಹೆಂಗಸರೆಲ್ಲ ಒಬ್ಬರ ಹಿಂದೆ ಒಬ್ಬರು ಕೂರುತ್ತಿದ್ದೆವು. ಎಲ್ಲರಿಗಿಂತ ಹಿಂದೆ ಅಜ್ಜಿ, ಅವಳ ಮುಂದೆ ಅಮ್ಮ, ಅಮ್ಮನ ಮುಂದೆ ಅಕ್ಕ, ಎಲ್ಲರಿಗಿಂತ ಮುಂದೆ ತಿಣ್ಣೆಯ ಅಂಚಿನಲ್ಲಿ ನಾನು. ಹೇನು ತೆಗೆಯಲು ಒಂದು ಮರದ ಸೀರಣಿಗೆ ಇತ್ತು, ಹಲ್ಲು ಒತ್ತೊತ್ತಾಗಿರುವ ಬಾಚಣಿಗೆ. ಅದು ಕೈಯಿಂದ ಕೈಗೆ ಹೋಗುತ್ತಿತ್ತು. ಅಜ್ಜಿ ಅಮ್ಮನ ತಲೆಯಲ್ಲಿ ಕೈಯಾಡಿಸುತ್ತ ಊರಿನ ಸುದ್ದಿ ತೆಗೆಯುವಳು, ಅಮ್ಮ ಅಕ್ಕನ ತಲೆಯಲ್ಲಿ ಕೈಯಾಡಿಸುತ್ತ ಹೂಂಗುಟ್ಟುವಳು, ಅಕ್ಕ ನನ್ನ ತಲೆಯಲ್ಲಿ ಕೈಯಾಡಿಸುವ ನೆಪದಲ್ಲಿ ಕೂದಲು ಎಳೆಯುವಳು.

ಆ ಸಾಲಿನಲ್ಲಿ ಎಲ್ಲರ ಕೈಗೂ ಒಂದೊಂದು ತಲೆ ಇತ್ತು, ನನ್ನ ಕೈಗೆ ಮಾತ್ರ ಇರಲಿಲ್ಲ. ಅದಕ್ಕಾಗಿ ಒಂದು ದಿನ ನೆಲಕ್ಕೆ ಬಿದ್ದು ಹೊರಳಾಡಿ ಅತ್ತೆನಂತೆ. ಅಮ್ಮ ಒಳಗೆ ಹೋಗಿ ಜುಟ್ಟಿರುವ ತೆಂಗಿನಕಾಯಿಯೊಂದನ್ನು ತಂದು ಮಡಿಲಿಗೆ ಹಾಕಿ, “ತಗೋ, ಇದರ ತಲೆ ನೋಡು. ಒಂದು ಹೇನೂ ಬಿಡ್ಬೇಡ,” ಅಂದಳು. ನಾನು ಅಳು ನಿಲ್ಲಿಸಿ ಗಂಭೀರವಾಗಿ ಆ ಜುಟ್ಟು ಬಾಚಿದೆ. ಮಾರನೆಯ ದಿನ ಅಮ್ಮ ಅದನ್ನು ಒಡೆದು ಚಟ್ನಿ ಮಾಡಿದಾಗ ನಾನು ಚಟ್ನಿ ಮುಟ್ಟಲಿಲ್ಲವಂತೆ. ಅಕ್ಕ ಇದನ್ನು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು.

ಎಲ್ಲರಿಗಿಂತ ಹಿಂದೆ ಕೂತ ಅಜ್ಜಿಯ ತಲೆಯನ್ನು ಯಾರು ನೋಡುತ್ತಿದ್ದರು? ಆಗ ನನಗೆ ಆ ಪ್ರಶ್ನೆ ಹುಟ್ಟಲೇ ಇಲ್ಲ. ಈಗ ದಿನಾ ಹುಟ್ಟುತ್ತದೆ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಆಮೇಲೆ ಬೇಕಾಗುತ್ತದೆ. ಅಮ್ಮನ ಹತ್ತಿರ ಒಂದು ಬಿಸ್ಕತ್ತಿನ ಡಬ್ಬ ಇತ್ತು. ಯಾರಿಗೋ ಯಾವುದಕ್ಕೋ ಡಾಕ್ಟರು ಬರೆದುಕೊಟ್ಟು ಮಿಕ್ಕಿದ ಮಾತ್ರೆ, ಅರ್ಧ ಹಿಂಡಿದ ಮುಲಾಮು, ಕಣ್ಣಿನ ಹನಿ, ಎಲ್ಲ ಅದರಲ್ಲಿ. ಬೀದಿಯ ಹೆಂಗಸರು ಹೆಪ್ಪು ಕೇಳಲು ಬಂದ ಹಾಗೆ ಬರೋರು. “ಅಕ್ಕಾ, ಹೊಟ್ಟೆನೋವಿಗೆ ಒಂದಿದ್ರೆ ಕೊಡಕ್ಕಾ.” ಅಮ್ಮ ಡಬ್ಬ ತೆಗೆದು, “ಹೋದ್ಸಲ ಬಿಳೀದು ಕೊಟ್ಟಿದ್ನಾ, ಕೆಂಪುದಾ?” ಅಂತ ಕೇಳಿ ಕೊಡೋಳು. ಇಲ್ಲ ಅಂದವಳಲ್ಲ. ನಮ್ಮ ಮನೆಯಲ್ಲಿ ಇದ್ದು ಇಲ್ಲ ಅನ್ನುವುದು ದೊಡ್ಡ ತಪ್ಪಾಗಿತ್ತು, ಅದು ಮೊಸರಾಗಲಿ, ಮಾತ್ರೆಯಾಗಲಿ. ಯಾರಿಗೂ ಏನೂ ಆಗಲಿಲ್ಲ, ಅದು ನಮ್ಮ ಪುಣ್ಯ.

ಕೆಲವು ವರ್ಷದ ಹಿಂದೆ ನನ್ನ ತಲೆ ಉದುರಲು ಶುರುವಾಯಿತು. ಕೂದಲಲ್ಲ, ತಲೆಯೇ. ಬೆಳ್ಳಗೆ ಹಕ್ಕಳೆ ಹಕ್ಕಳೆಯಾಗಿ ಭುಜದ ಮೇಲೆ, ಕುರ್ಚಿಯ ಮೇಲೆ, ಹಾಜರಿ ಪುಸ್ತಕದ ಮೇಲೆ. ಹೊಟ್ಟು ಅಂದುಕೊಂಡು ನಿಂಬೆಹಣ್ಣು, ಮೊಸರು, ಮೆಂತ್ಯ, ಒಂದು ಅಡುಗೆಗೆ ಬೇಕಾದ್ದೆಲ್ಲ ತಲೆಗೆ ಹಾಕಿದೆ. ಕಪ್ಪು ರವಿಕೆ ಹಾಕುವುದು ಬಿಟ್ಟೆ. ಮುನಿಯಮ್ಮ ಒಂದು ದಿನ ನೋಡಿ, “ಅಯ್ಯೋ ದೇವುಡಾ, ಅದೇನಮ್ಮಾ ಹಂಗೆ ಉದುರ್ತೈತೆ? ಅಂಟೋದಲ್ಲ ತಾನೇ?” ಅಂದರು. ಅಲ್ಲ ಅಂದೆ. ಸಂಜೆ ಬಂದು ನೋಡಿದರೆ ಒಣಹಾಕಿದ್ದ ಅವರ ಟವೆಲು ತಂತಿಯ ಆ ತುದಿಗೆ ಹೋಗಿತ್ತು. ಬೈದಿದ್ದರೆ ನಾನೂ ನಾಲ್ಕು ಮಾತು ಬಿಸಾಕುತ್ತಿದ್ದೆ. ಟವೆಲಿಗೆ ಏನು ಹೇಳಲಿ!

ಕೊನೆಗೆ ಕೋಲಾರದ ಆಸ್ಪತ್ರೆಗೆ ಹೋದೆ. ಚರ್ಮದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನೋಡಿದ ಕೂಡಲೇ ಸೋರಿಯಾಸಿಸ್ ಅಂದರು. ಅಂಟುವುದಿಲ್ಲ, ಆದರೆ ಬೇರುಸಮೇತ ಹೋಗುವುದೂ ಇಲ್ಲ, ಬರುತ್ತದೆ, ಅಡಗುತ್ತದೆ, ಮತ್ತೆ ಬರುತ್ತದೆ ಅಂದರು. ಲೋಷನ್ ಬರೆದುಕೊಟ್ಟು ಹೇಗೆ ಹಚ್ಚಬೇಕು ಅಂತಲೂ ಹೇಳಿದರು. ಅಂಟುವುದಿಲ್ಲ ಅಂದ ಖುಷಿಯಲ್ಲಿ ಉಳಿದದ್ದು ನನ್ನ ಕಿವಿಗೆ ಬೀಳಲಿಲ್ಲ.

ಮನೆಗೆ ಬಂದು ಏನು ಮಾಡಿದೆ ಅಂತೀರಿ? ತಲೆಗೆ ಹಾಕುವುದು ಅಂದರೆ ನಮ್ಮ ಕೈಗೆ ಗೊತ್ತಿರುವುದು ಒಂದೇ ರೀತಿ. ಅಂಗೈಗೆ ಸುರಿದುಕೊಂಡೆ, ನೆತ್ತಿಗೆ ತಟ್ಟಿದೆ, ಹರಳೆಣ್ಣೆ ಹಚ್ಚುವ ಹಾಗೆ ಎರಡು ಕೈಯಲ್ಲೂ ತಿಕ್ಕಿದೆ, ಮೇಲೊಂದು ಟವೆಲು ಬಿಗಿದು ಕೂತೆ. ಮಿಕ್ಕಿದ್ದನ್ನು ವ್ಯರ್ಥ ಮಾಡಬಾರದೆಂದು ಹಣೆಗೂ ಒರೆಸಿಕೊಂಡೆ. ನಾಲ್ಕನೆಯ ದಿನಕ್ಕೆ ಬಾಟಲಿ ಖಾಲಿ. ಮತ್ತೆ ಕೋಲಾರಕ್ಕೆ ಹೋಗಿ, “ಇದು ಸಾಲಲ್ಲ ಮೇಡಂ, ದೊಡ್ಡ ಬಾಟ್ಲಿ ಇದ್ರೆ ಬರ್ಕೊಡಿ,” ಅಂದೆ.

ಆ ಡಾಕ್ಟರು ಪೆನ್ನು ಕೆಳಗಿಟ್ಟರು. “ಅಮ್ಮಾ, ಇದು ಎಣ್ಣೆ ಅಲ್ಲ,” ಅಂತ ಶುರುಮಾಡಿದವರು ಹತ್ತು ನಿಮಿಷ ಬಿಡಲಿಲ್ಲ. ಕೂದಲಿಗಲ್ಲ, ಚರ್ಮಕ್ಕೆ ಹಚ್ಚಬೇಕಂತೆ. ಒಣಗಿದ ಕೂದಲನ್ನು ಬೈತಲೆ ತೆಗೆದು, ಹಕ್ಕಳೆ ಎದ್ದಿರುವ ಜಾಗ ಕಂಡ ಮೇಲೆ ಅಲ್ಲಿಗೆ ಮಾತ್ರ ತೊಟ್ಟು ಬಿಟ್ಟು, ಬೆರಳ ತುದಿಯಲ್ಲಿ ಮೆಲ್ಲಗೆ ಸವರಬೇಕು, ತಿಕ್ಕಬಾರದು. ಟವೆಲು ಕಟ್ಟಿದರೆ ಔಷಧಿ ಒಳಗೆ ಜಾಸ್ತಿ ಇಳಿಯುತ್ತದೆ, ಅದು ಒಳ್ಳೆಯದಲ್ಲ. “ನನಗೆ ನೀವು ಬರೆದುಕೊಟ್ಟ ಔಷಧಿ ಒಳಗಿಳಿದ್ರೆ ಒಳ್ಳೇದೇ ಅಲ್ವಾ ಮೇಡಂ?” ಅಂದು ಇನ್ನೊಂದಿಷ್ಟು ಬೈಸಿಕೊಂಡೆ. ಎರಡು ವಾರ ಹಚ್ಚಿ ಬಂದು ತೋರಿಸಬೇಕು, ನಾನೇ ಮುಂದುವರಿಸಬಾರದು. ಜಾಸ್ತಿ ದಿನ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ಹಚ್ಚಿದ ಮೇಲೆ ಕೈ ತೊಳೆಯಬೇಕು, ಅದು ಒಣಗುವ ತನಕ ಒಲೆ, ದೀಪದ ಹತ್ತಿರ ಹೋಗಬಾರದು, ಬೆಂಕಿ ಹತ್ತಿಕೊಳ್ಳುವ ಜಾತಿಯದು. “ಮುಖಕ್ಕೆ ಮಾತ್ರ ತಾಕಿಸಲೇಬೇಡಿ,” ಅಂದರು. “ಮತ್ತೆ ಇದು ನಿಮಗೆ ಬರೆದಿರೋದು. ಇನ್ನೊಬ್ರಿಗೆ ಕೊಡೋದಲ್ಲ.”

ಗುಮಾಸ್ತೆಯಲ್ಲವೇ, ಈ ಸಲ ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡೆ. ಕೊನೆಯ ಮಾತನ್ನೂ ಬರೆದುಕೊಂಡೆ. ನನ್ನ ಕೈಬರಹದಲ್ಲೇ ಇದೆ, ಈಗಲೂ ನೋಡಬಹುದು.

ಬೈತಲೆ ತೆಗೆದು ಹಚ್ಚಿ ಅಂದುಬಿಟ್ಟರು. ಮುಂದೆ ಸರಿ, ಕನ್ನಡಿ ಇದೆ. ಹಿಂದೆ? ಹಕ್ಕಳೆ ಜಾಸ್ತಿ ಇದ್ದದ್ದೇ ಹಿಂದಲೆಯಲ್ಲಿ. ಆಗ ಭಾನುವಾರ ಅಕ್ಕನ ಮನೆಗೆ ಹೋದಾಗ ಅವಳೇ ಹಚ್ಚತೊಡಗಿದಳು. ಅಮ್ಮನ ಸೀರಣಿಗೆ ಅಕ್ಕನ ಪಾಲಿಗೆ ಬಂದಿತ್ತು. ಹಿತ್ತಲಲ್ಲಿ ಹಸುಗಳ ಪಕ್ಕ ಚಾಪೆ ಹಾಕಿ, ನನ್ನನ್ನು ಮುಂದೆ ಕೂರಿಸಿಕೊಂಡು, ಸೀರಣಿಗೆಯ ಮೂಲೆಯಿಂದ ಗೆರೆ ಗೆರೆಯಾಗಿ ಬೈತಲೆ ತೆಗೆದು ತೊಟ್ಟು ಬಿಡುತ್ತಿದ್ದಳು. “ಅಲ್ಲಾಡ್ಬೇಡ ಕಣೇ. ತೆಂಗಿನಕಾಯೇ ಇದಕ್ಕಿಂತ ಸುಮ್ನೆ ಕೂತಿತ್ತು,” ಅನ್ನುವಳು. ಡಾಕ್ಟರು ದಿನಾ ಹಚ್ಚಿ ಅಂದಿದ್ದರು. ನನ್ನ ಹಿಂದಲೆಗೆ ಮಾತ್ರ ವಾರಕ್ಕೊಂದೇ ದಿನ. ಆದರೂ ನಿಜ ಹೇಳಬೇಕೆಂದರೆ, ಆ ದಿನಗಳಲ್ಲಿ ಈ ಕಾಯಿಲೆ ಬಂದದ್ದೇ ಒಳ್ಳೆಯದಾಯಿತು ಅಂತಲೂ ಅನ್ನಿಸಿದ್ದುಂಟು. ತಲೆ ಮುಟ್ಟುವವರು ಇಲ್ಲದವಳಿಗೆ ಅದೇನು ಅಂತ ಗೊತ್ತು.

ಅಕ್ಕನ ಮಗಳು ಪವಿಗೆ ಆಗ ಹತ್ತೊಂಬತ್ತು. ಮಾಲೂರಿನ ಕಾಲೇಜಿಗೆ ಹೋಗುತ್ತಿದ್ದಳು. ಕೆನ್ನೆಯ ಮೇಲೆ ಮೊಡವೆಯ ನಾಲ್ಕಾರು ಕಲೆ. ಒಂದು ಭಾನುವಾರ ಅಕ್ಕ ಹಾಲು ಕರೆಯುತ್ತಿದ್ದಳು. ಹಸುವಿನ ಹೊಟ್ಟೆಗೆ ತಲೆ ಆನಿಸಿ, ಕಣ್ಣು ಮುಚ್ಚಿಕೊಂಡು ಕರೆಯುವುದು ಅವಳ ಅಭ್ಯಾಸ. ಆ ಹೊತ್ತಿಗೆ ಪವಿ ನನ್ನ ಪಕ್ಕ ಬಂದು ಕೂತಳು.

“ಚಿಕ್ಕಮ್ಮ, ನಿಂದು ತಲೇಲಿ ಎಷ್ಟು ಬೇಗ ಹೋಗುತ್ತೆ ನೋಡು. ಇದು ಕೆನ್ನೆಗೆ ಹಚ್ಚಿದ್ರೆ ಈ ಕಲೆ ಹೋಗಲ್ವಾ?”

“ಮುಖಕ್ಕೆ ಬೇಡ ಅಂದಿದಾರೆ ಕಣೇ.”

“ಒಂಚೂರು ಚಿಕ್ಕಮ್ಮ. ನಿನ್ನ ಬಿಟ್ರೆ ನಾನು ಯಾರನ್ನ ಕೇಳ್ಲಿ?”

ಆ ಕೊನೆಯ ಮಾತಿಗೆ ನಾನು ಬಿದ್ದೆ. ಹಾಳಾದ್ದು, ಎಷ್ಟು ಸಣ್ಣ ಮಾತು! ನನ್ನನ್ನು ಆಫೀಸಿನಲ್ಲಿ ಮಾರ್ಕ್ಸ್‌ಕಾರ್ಡು ಕೇಳುತ್ತಾರೆ, ಮುನಿಯಮ್ಮ ಬಾಡಿಗೆ ಕೇಳುತ್ತಾರೆ. ನೀನೇ ಬೇಕು ಅಂತ ಯಾರೂ ಏನೂ ಕೇಳಿದ್ದಿಲ್ಲ. ಕಣ್ಣಿನ ಹನಿಯ ಖಾಲಿ ಬಾಟಲಿಯೊಂದನ್ನು ಅವಳೇ ತೊಳೆದು ತಂದಳು. ಅರ್ಧ ಲೋಷನ್ ಅದಕ್ಕೆ ಬಗ್ಗಿಸಿಕೊಟ್ಟೆ. ಅಮ್ಮನ ಬಿಸ್ಕತ್ತಿನ ಡಬ್ಬ ನನ್ನ ಕೈಯಲ್ಲಿತ್ತು ಅನ್ನಿ.

ಎರಡು ವಾರದಲ್ಲಿ ಹುಡುಗಿಯ ಕೆನ್ನೆ ಬೆಳಗತೊಡಗಿತು. ಕಲೆ ಹೋಯಿತು, ಬಣ್ಣ ತಿಳಿಯಾಯಿತು. ಕಾಲೇಜಿನಲ್ಲಿ ಎಲ್ಲರೂ ಕೇಳುತ್ತಾರೆ ಅಂತ ಫೋನ್ ಮಾಡಿ ಹೇಳಿದಳು. ಅಕ್ಕ ಕೂಡ, “ಅದೇನು ಹಚ್ತೀಯೋ, ಚೆನ್ನಾಗಿದೆ,” ಅಂದಳಂತೆ. ಲೋಷನ್ ಮುಗಿದಾಗ ನಾನೇ ಹಳೆಯ ಚೀಟಿ ತೋರಿಸಿ ಇನ್ನೊಂದು ತಂದುಕೊಟ್ಟೆ, ಆಮೇಲೆ ಮತ್ತೊಂದು. ಮೂರು ತಿಂಗಳು ಹೀಗೇ ನಡೆಯಿತು. ನನಗೆ ಒಳಗೊಳಗೇ ಹೆಮ್ಮೆ.

ಒಂದು ಸಲ ನನಗೆ ಮೂರು ವಾರ ಹೋಗಲಾಗಲಿಲ್ಲ. ಪರೀಕ್ಷೆಯ ಕೆಲಸ. ಪವಿಯ ಹತ್ತಿರ ಇದ್ದದ್ದೂ ಮುಗಿಯಿತು. ಹಚ್ಚುವುದು ನಿಂತ ಮೇಲೆ ಮುಖ ಕೆಂಡವಾಯಿತು. ಕೆನ್ನೆ ತುಂಬ ಗುಳ್ಳೆ, ಉರಿ, ಬಿಸಿಲಿಗೆ ಹೋದರೆ ಅಳುವಷ್ಟು ಉರಿ. ಚರ್ಮದ ಕೆಳಗಿನ ಸಣ್ಣ ನರಗಳೆಲ್ಲ ಕೆಂಪಗೆ ಕಾಣುತ್ತಿದ್ದವು, ಕೆನ್ನೆಯ ಮೇಲೆ ರೋಮವೂ ಎದ್ದಿತ್ತು. ದುಪಟ್ಟಾ ಸುತ್ತಿಕೊಂಡು ಒಳಗೆ ಕೂತವಳು ಕಾಲೇಜಿಗೆ ಹೋಗಲಿಲ್ಲ. ಮಾಲೂರಿನಲ್ಲಿ ತೋರಿಸಿದಾಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ, “ಇದನ್ನ ಮುಖಕ್ಕೆ ಹಚ್ಚು ಅಂತ ಯಾರು ಕೊಟ್ರು?”

ಸುದ್ದಿ ತಿಳಿದು ನಾನು ಓಡಿಕೊಂಡು ಹೋದೆ. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬಾ ಅನ್ನಲಿಲ್ಲ.

“ಡಾಕ್ಟ್ರು ಮುಖಕ್ಕೆ ಬೇಡ ಅಂದಿದ್ದು ನಿಂಗೆ ಗೊತ್ತಿತ್ತಾ ಮಂಜಿ?” ಅಂದಳು.

ಡೈರಿಯಲ್ಲಿ ಬರೆದುಕೊಂಡವಳು ಗೊತ್ತಿರಲಿಲ್ಲ ಅಂತ ಹೇಗೆ ಹೇಳಲಿ? “ಗೊತ್ತಿತ್ತಕ್ಕ,” ಅಂದೆ.

“ಗೊತ್ತಿದ್ದೂ ಕೊಟ್ಯಲ್ಲೇ. ನಿನಗೊಂದು ಮಗು ಇದ್ದಿದ್ರೆ ಕೊಡ್ತಿದ್ಯಾ? ಇನ್ಮೇಲೆ ಈ ಕಡೆ ಬರ್ಬೇಡ.”

ಮಾತು ಬಿಟ್ಟಳು. ನಾನು ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಭಾವ ಒಂದು ಸಲ ಎತ್ತಿ, “ಸ್ವಲ್ಪ ದಿನ ಬಿಟ್ಬಿಡು,” ಅಂದರು. ಆ ಸ್ವಲ್ಪ ದಿನ ಒಂದೂವರೆ ವರ್ಷವಾಯಿತು. ಪವಿಯ ಮುಖ ಎಷ್ಟೋ ತಿಂಗಳ ಔಷಧಿಯ ಮೇಲೆ ತಿಳಿಯಾಯಿತು ಅಂತ ಊರಿನವರಿಂದ ಕೇಳಿದೆ. ಅಕ್ಕನ ಮೇಲೆ ನನಗೆ ಒಂದು ದಿನವೂ ಸಿಟ್ಟು ಬರಲಿಲ್ಲ. ಬಂದಿದ್ದರೆ ಬದುಕುವುದು ಸ್ವಲ್ಪ ಸುಲಭವಾಗುತ್ತಿತ್ತೇನೋ.

ಭಾನುವಾರಗಳು ಉದ್ದವಾದವು. ಹಿಂದಲೆ ಮತ್ತೆ ಹಕ್ಕಳೆ ಕಟ್ಟಿತು. ಎರಡು ಕನ್ನಡಿ ಹಿಡಿದು ನೋಡಿದೆ. ಬಲಕ್ಕೆ ಅಂತ ಕೈ ಒಯ್ದರೆ ಎಡಕ್ಕೆ ಹೋಗುತ್ತದೆ, ತೊಟ್ಟು ಕುತ್ತಿಗೆಯಲ್ಲಿ ಇಳಿದು ಬೆನ್ನು ಸೇರುತ್ತದೆ. ಮೊಬೈಲನ್ನು ತಲೆಯ ಹಿಂದೆ ಹಿಡಿದು ಫೋಟೊ ತೆಗೆದೆ. ನೋಡಿದರೆ ಯಾರೋ ವಯಸ್ಸಾದ ಹೆಂಗಸಿನ ತಲೆ, ಅಲ್ಲಲ್ಲಿ ನರೆ, ನಡುವೆ ಬಿಳಿ ಬಿಳಿ ಹಕ್ಕಳೆ. ಪಾಪ, ಇವಳನ್ನು ನೋಡಿಕೊಳ್ಳುವವರು ಯಾರೂ ಇಲ್ಲವೇ ಅನ್ನಿಸಿ, ಆಮೇಲೆ ಅದು ನಾನೇ ಅಂತ ಹೊಳೆದು ಅಳು ಬಂತು. ಫೋಟೊ ಅಳಿಸಿಹಾಕಿದೆ. ಮುನಿಯಮ್ಮನನ್ನು ಕೇಳಬಹುದಿತ್ತು ಅಂತೀರಿ. ತಂತಿಯ ಆ ತುದಿಯಲ್ಲಿ ಟವೆಲು ಒಣಹಾಕುವವರನ್ನು ತಲೆ ಮುಟ್ಟಿ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ.

ಈ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ, ಶ್ರೀನಿವಾಸಪುರದ ಕಡೆಯಿಂದ ಮಾವಿನಹಣ್ಣಿನ ಗಾಡಿಗಳು ಓಡಾಡುತ್ತಿದ್ದ ದಿನಗಳು. ಒಂದು ಭಾನುವಾರ ಗೇಟಿನ ಸದ್ದಾಯಿತು. ನೋಡಿದರೆ ಅಕ್ಕ. ತಲೆಯ ಮೇಲೆ ಸೆರಗು ಹೊದ್ದಿದ್ದಳು. ನಮ್ಮ ಕಡೆ ಹಾಗೆ ಹೊದೆಯುವ ರೂಢಿಯಿಲ್ಲ. ಅವಳು ಯಾವತ್ತೂ ಹೊದ್ದವಳಲ್ಲ.

ಕುರ್ಚಿ ಕೊಟ್ಟೆ. ನೀರು ಕೊಟ್ಟೆ. ಅವಳು ನೀರು ಕುಡಿದು ಲೋಟ ಕೆಳಗಿಟ್ಟು, “ಪವಿ ಚೆನ್ನಾಗಿದಾಳೆ. ಕಾಲೇಜಿಗೆ ಹೋಗ್ತಾಳೆ,” ಅಂದಳು. ಆಮೇಲೆ ಸೆರಗು ಸರಿಸಿದಳು. ನೆತ್ತಿಯ ಎಡಕ್ಕೆ ಅಂಗೈ ಅಗಲ ಹಕ್ಕಳೆ. ಅಲ್ಲಿ ಕೂದಲೂ ಮುರಿದು ಮುರಿದು ನಿಂತಿತ್ತು.

“ನಂಗೂ ಬಂದಿದೆ ಕಣೇ, ನಿಂದೇ. ಕೆರೆದೂ ಕೆರೆದೂ ಸಾಕಾಯ್ತು. ಯಾರ್ಗೂ ತೋರ್ಸಿಲ್ಲ. ನಿನ್ ಔಷಧಿ ಒಂಚೂರು ಕೊಡು.”

ಬಾಟಲಿ ಕಿಟಕಿಯಲ್ಲೇ ಇತ್ತು, ಕೈಚಾಚಿದರೆ ಸಿಗುವಷ್ಟು ಹತ್ತಿರ, ಅವಳ ಕಣ್ಣಿಗೂ ಬಿದ್ದಿತ್ತು. ಒಂದೂವರೆ ವರ್ಷ ನಾನು ಬೇಡಿಕೊಂಡದ್ದು ಇದನ್ನೇ, ಅಕ್ಕ ಬರಬೇಕು, ನನ್ನನ್ನು ಏನಾದರೂ ಕೇಳಬೇಕು. ಏನು ಕೇಳಿದರೂ ಕೊಟ್ಟುಬಿಡುತ್ತೇನೆ ಅಂತ ಎಷ್ಟು ಸಲ ಅಂದುಕೊಂಡಿಲ್ಲ! ಕೊಟ್ಟರೆ ಕೂರುತ್ತಾಳೆ, ಊಟ ಮಾಡುತ್ತಾಳೆ, ಚಾಪೆ ಹಾಕುತ್ತೇವೆ. ನನ್ನ ಕೈಗೆ ಕೊನೆಗೂ ಒಂದು ತಲೆ.

“ಕೊಡಲ್ಲಕ್ಕ,” ಅಂದೆ.

ಅವಳಿಗೆ ಅರ್ಥವಾಗಲಿಲ್ಲ. “ಏನಂದೆ?”

“ಇದು ನಂಗೆ ಬರೆದಿರೋದು. ನಿಂದು ಅದೇನಾ, ಬೇರೆಯಾ ಅಂತ ನಂಗೇನು ಗೊತ್ತು? ಮಂಗಳವಾರ ಕೋಲಾರಕ್ಕೆ ಬಾ. ಚರ್ಮದ ಡಾಕ್ಟ್ರು ಇರ್ತಾರೆ. ನಾನು ಮೊದ್ಲೇ ಹೋಗಿ ನಿನ್ನ ಹೆಸ್ರಲ್ಲೂ ಚೀಟಿ ಮಾಡಿಸಿರ್ತೀನಿ.”

“ಎರಡು ಬಸ್ಸು ಬದಲಾಯಿಸಿ, ಮಾನ ಬಿಟ್ಟು ಬಂದಿದೀನಿ ಕಣೇ. ನನ್ ಮಗಳಿಗೆ ಬಾಟ್ಲಿ ಬಾಟ್ಲಿ ಕೊಟ್ಟೆ. ನಂಗೆ ನಾಲ್ಕು ತೊಟ್ಟು ಕೊಡಲ್ವಾ?”

“ಅವಳಿಗೆ ಕೊಟ್ಟಿದ್ದಕ್ಕೇ ನಿನಗೆ ಕೊಡ್ತಿಲ್ಲ.”

ಅಕ್ಕ ಎದ್ದಳು. ಸೆರಗು ಹೊದ್ದುಕೊಂಡಳು. ಒಲೆಯ ಮೇಲೆ ಕಾಫಿಗೆ ಇಟ್ಟಿದ್ದ ಹಾಲು ಉಕ್ಕುತ್ತಿತ್ತು. ಗೇಟಿನ ತನಕ ಹಿಂದೆ ಹೋಗಿ, “ಮಂಗಳವಾರ, ಅಕ್ಕ. ಹತ್ತು ಗಂಟೆಗೆ,” ಅಂದೆ. ಅವಳು ತಿರುಗಿ ನೋಡಲಿಲ್ಲ. ಒಳಗೆ ಬಂದು ಚೆಲ್ಲಿದ ಹಾಲು ಒರೆಸಿದೆ. ಆ ಮಧ್ಯಾಹ್ನದಷ್ಟು ಒಂಟಿತನ ನನಗೆ ಅಮ್ಮ ಹೋದಾಗಲೂ ಆಗಿರಲಿಲ್ಲ.

ಮಂಗಳವಾರ ರಜೆ ಹಾಕಿ ಹೋದೆ. ಎರಡು ಚೀಟಿ ಮಾಡಿಸಿದೆ. ಬೆಂಚಿನ ಮೇಲೆ ಪಕ್ಕದಲ್ಲಿ ನನ್ನ ಚೀಲ ಇಟ್ಟು ಜಾಗ ಹಿಡಿದೆ. “ಯಾರಾದ್ರೂ ಬರ್ತಾರಾ?” ಅಂತ ಒಬ್ಬರು ಕೇಳಿದರು. “ನಮ್ಮಕ್ಕ,” ಅಂದೆ. ಹತ್ತಾಯಿತು, ಹನ್ನೊಂದಾಯಿತು. ನಮ್ಮ ಸರದಿ ಬಂದಾಗ ಹಿಂದಿನವರಿಗೆ, ನೀವು ಹೋಗಿ ಅಂದೆ. ಎರಡನೆಯ ಸಲವೂ ಹಾಗೇ ಅಂದೆ. ನರ್ಸು ಬಂದು, “ಏನಮ್ಮಾ, ತೋರಿಸ್ಕೊಳ್ಳೋಕೆ ಬಂದಿದೀರಾ, ಎಲ್ರನ್ನೂ ಕಳಿಸಿಕೊಡೋಕಾ?” ಅಂದರು. ಚೀಲವನ್ನು ಮಡಿಲಿಗೆ ತೆಗೆದುಕೊಳ್ಳೋಣ ಅಂದುಕೊಳ್ಳುವಷ್ಟರಲ್ಲಿ ಆ ಉದ್ದನೆಯ ಓಣಿಯ ಕೊನೆಯಲ್ಲಿ ಸೆರಗು ಹೊದ್ದ ತಲೆ ಕಾಣಿಸಿತು. ಅಕ್ಕ ಬಂದು ಕೂತಳು. ನನ್ನ ಮುಖ ನೋಡಲಿಲ್ಲ. ಕೂತಳು, ಅಷ್ಟೇ.

ಡಾಕ್ಟರು ಅಕ್ಕನ ತಲೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎರಡು ಕೂದಲು ಕಿತ್ತು, ಸ್ವಲ್ಪ ಹಕ್ಕಳೆ ಕೆರೆದು ಪರೀಕ್ಷೆಗೆ ಕಳಿಸಿದರು. ಒಂದು ಗಂಟೆಯ ಮೇಲೆ ಮತ್ತೆ ಕರೆದರು.

“ಮನೇಲಿ ಹಸು ಇದ್ಯಾ?”

“ಇದೆ.”

“ಮೈಮೇಲೆ ರೋಮ ಉದುರಿ ದುಂಡಗೆ ಕಲೆ ಆಗಿರೋದು ಯಾವುದಾದ್ರೂ?”

“ಒಂದಕ್ಕೆ ಹೊಟ್ಟೆ ಹತ್ರ ಆಗಿದೆ,” ಅಂದಳು ಅಕ್ಕ. ಅಂದವಳು ತಾನೇ ತಲೆ ಮುಟ್ಟಿಕೊಂಡಳು. “ಕರೆಯೋವಾಗ ಅಲ್ಲೇ ತಲೆ ಆನಿಸ್ತೀನಿ.”

“ನಿಮ್ಮದು ತಂಗಿಯವರ ಕಾಯಿಲೆ ಅಲ್ಲಮ್ಮ. ಇದು ಹುಳುಕಡ್ಡಿ. ಇದಕ್ಕೆ ನುಂಗೋ ಮಾತ್ರೆ ಬೇಕು.” ಡಾಕ್ಟರು ನಾನು ಮನೆಯಿಂದ ತಂದಿದ್ದ ಬಾಟಲಿ ತೋರಿಸಿ, “ಈ ಲೋಷನ್ ಏನಾದ್ರೂ ಹಚ್ಚಿದ್ರಾ?” ಅಂದರು.

ಅಕ್ಕ ಆಗ ನನ್ನ ಕಡೆ ನೋಡಿದಳು. “ಇಲ್ಲ. ಕೇಳ್ದೆ. ಇವಳು ಕೊಡ್ಲಿಲ್ಲ.”

“ಒಳ್ಳೇದಾಯ್ತು. ಹಚ್ಚಿದ್ರೆ ಮೊದ್ಲು ತುರಿಕೆ ಕಮ್ಮಿ ಆದಂಗಿರೋದು, ಒಳಗೊಳಗೇ ತಲೆಯೆಲ್ಲ ಹರಡಿರೋದು.” ಮಾತ್ರೆ ಬರೆಯುತ್ತ, “ಬಾಚಣಿಗೆ, ಟವೆಲು ಬೇರೆ ಇಟ್ಕೊಳ್ಳಿ. ಇದು ಅಂಟುತ್ತೆ. ಹಸೂನೂ ದನದ ಡಾಕ್ಟ್ರಿಗೆ ತೋರಿಸಿ,” ಅಂದರು. ಆಮೇಲೆ ನನ್ನ ತಲೆ ನೋಡಿದರು. “ಮುಂದೆಲ್ಲ ಚೆನ್ನಾಗಿದೆ. ಹಿಂದೆ ಯಾಕೆ ಇಷ್ಟು ದಪ್ಪ ಕಟ್ಟಿದೆ? ಯಾರೂ ಹಚ್ತಿಲ್ವಾ?”

“ಒಬ್ಳೇ ಇರೋದು ಮೇಡಂ,” ಅಂದೆ. ಅಕ್ಕ ನೆಲ ನೋಡುತ್ತಿದ್ದಳು.

ಔಷಧಿ ಹಿಂದಲೆಗೂ ಸೇರಬೇಕು, ಎರಡು ವಾರಕ್ಕಿಂತ ಜಾಸ್ತಿ ಬೇಡ, ಆಮೇಲೆ ಬಂದು ತೋರಿಸಿ ಅಂತ ಹೇಳಿ ಕಳಿಸಿದರು. ಹೊರಗೆ ಆಸ್ಪತ್ರೆಯ ಅಂಗಳದಲ್ಲಿ ಹೊಂಗೆ ಮರದ ಕೆಳಗೆ ಒಂದು ಕಟ್ಟೆ ಇದೆ. ಬಸ್ಸಿಗೆ ಹೋಗೋಣ ಅಂತ ನಾನು ಹೆಜ್ಜೆ ಹಾಕುತ್ತಿದ್ದರೆ ಅಕ್ಕ ಅಲ್ಲೇ ನಿಂತಳು.

“ಬಾಟ್ಲಿ ಕೊಡು ಇಲ್ಲಿ,” ಅಂದಳು. ಗಾಬರಿಯಾಗಿ ಅವಳ ಮುಖ ನೋಡಿದೆ. “ನಂಗಲ್ಲ ಕಣೇ, ಮಂಕೇ. ಕೂತ್ಕೋ.”

ಕೂತೆ. ಜನ ಓಡಾಡುತ್ತಿದ್ದರು, ಎಳನೀರಿನವನು ನಮ್ಮನ್ನೇ ನೋಡುತ್ತಿದ್ದ. ಅಕ್ಕ ನಲ್ಲಿಯ ಹತ್ತಿರ ಹೋಗಿ ಸೋಪಿನಲ್ಲಿ ಕೈ ತೊಳೆದು, ಒರೆಸಿಕೊಂಡು ಬಂದಳು. ಚೀಲಕ್ಕೆ ಕೈಹಾಕಿ ಅಮ್ಮನ ಸೀರಣಿಗೆ ತೆಗೆದಳು. ಅದನ್ನು ತಂದಿದ್ದಳು! ಭಾನುವಾರವೂ ಚೀಲದಲ್ಲಿ ಅದು ಇತ್ತೇ ಅಂತ ನಾನು ಕೇಳಲಿಲ್ಲ. ತೆಗೆದವಳು ಅದನ್ನು ನೋಡಿ, “ಬಾಚಣಿಗೆ ಬೇಡ ಅಂದ್ರಲ್ಲ,” ಅಂತ ವಾಪಸು ಹಾಕಿದಳು. ಬೆರಳಿನಲ್ಲೇ ಬೈತಲೆ ತೆಗೆದಳು. ಒಂದು, ಎರಡು, ಮೂರು, ನಾಲ್ಕು ತೊಟ್ಟು. ಸ್ವಲ್ಪ ಚುರುಗುಟ್ಟಿತು. ಬೆರಳ ತುದಿಯಲ್ಲಿ ಮೆಲ್ಲಗೆ ಸವರಿದಳು.

“ತಿಕ್ಬಾರ್ದು ಅಲ್ವಾ?” ಅಂದಳು.

“ಹೂಂ.”

“ಅಲ್ಲಾಡ್ಬೇಡ.”

ನಾನು ಅಲ್ಲಾಡುತ್ತಿರಲಿಲ್ಲ. ಅಳುತ್ತಿದ್ದೆ. ಅವಳಿಗೆ ನನ್ನ ಮುಖ ಕಾಣುತ್ತಿರಲಿಲ್ಲ. ಅವಳ ಮುಖ ನನಗೆ ಕಾಣುತ್ತಿರಲಿಲ್ಲ.

ಅವಳು ಮತ್ತೆ ಕೈ ತೊಳೆದು ಬಂದಳು, ಬಸ್ ಸ್ಟ್ಯಾಂಡಿನ ತನಕ ಇಬ್ಬರೂ ನಡೆದೆವು. ಮಾಲೂರಿನ ಬಸ್ಸು ಮೊದಲು ಬಂತು. ಭಾನುವಾರ ಬಾ ಅಂತ ಅವಳು ಅನ್ನಲಿಲ್ಲ. ಬರಲಾ ಅಂತ ನಾನೂ ಕೇಳಲಿಲ್ಲ. ಈಚೆಗೆ ಎರಡು ಸಲ ಅವಳ ಫೋನ್ ಬಂದಿದೆ, ಎರಡು ಸಲವೂ ಮಾತ್ರೆಯನ್ನು ಊಟದ ಮೊದಲು ನುಂಗುವುದೋ ಆಮೇಲೋ ಅಂತ ಕೇಳಲು. ಒಂದೇ ಪ್ರಶ್ನೆ. ಅವಳಿಗೆ ಮರೆವು ಇಲ್ಲ ಅನ್ನುವುದು ನನಗೆ ಗೊತ್ತು.

ಕಿಟಕಿಯಲ್ಲಿ ಇರುವುದು ಆ ಬಾಟಲಿ. ಬಿಸಾಡುತ್ತೇನೆ, ಇವತ್ತಲ್ಲ.

ಅವತ್ತು ಮುಳಬಾಗಿಲಿನ ಬಸ್ಸಿನಲ್ಲಿ ನನಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಬೆಳಿಗ್ಗೆಯಿಂದ ಕಾದು ಕಾದು ಸುಸ್ತಾಗಿತ್ತು, ನಿದ್ದೆ ಎಳೆಯುತ್ತಿತ್ತು. ಒರಗಿದರೆ ಔಷಧಿ ಸೀಟಿಗೆ ಒರೆಸಿಹೋದೀತು ಅಂತ ತಲೆಯನ್ನು ನೆಟ್ಟಗೆ ಹಿಡಿದುಕೊಂಡು, ಊರು ಬರುವ ತನಕ ಹಾಗೇ ಕೂತಿದ್ದೆ. ಔಷಧಿ ಕೋಲಾರದಲ್ಲೇ ಒಣಗಿತ್ತು.